ಕರಾವಳಿಯ ಮಳೆಗಾಲವೂ ಏಕಾಕಿಯ ಓಟವೂ

ಓಟವೆಂಬುದು ಸಕಲ ವ್ಯಾಯಾಮಗಳಲ್ಲಿ ಅತ್ಯಂತ ಸರಳವಾದುದೆಂದು ಲೋಕದ ಎಣಿಕೆ. ಇದಕ್ಕೆ ಅಖಾಡ ಬೇಡ, ಸಾಧನಗಳ ಹೊರೆ ಬೇಡ. ಕಾಲುಗಳಿದ್ದರೆ ಸಾಕು, ದಾರಿಯಿದ್ದರೆ ಸಾಕು. ಆದರೆ ಈ ಸರಳವಾದ ವಿದ್ಯೆಯೇ ಆಷಾಢದ ಒಂದು ಮುಂಜಾವಿನಲ್ಲಿ, ಜಡಿಮಳೆ ಹಿಡಿದು ಎದುರುಗಾಳಿ ಬೀಸುತ್ತಿರುವಾಗ, ಜೊತೆಗಾರನಿಲ್ಲದೆ ಒಬ್ಬನೇ ಓಡಬೇಕಾದವನಿಗೆ ಎಷ್ಟು ಕಠಿನವಾಗುವುದೆಂಬುದನ್ನು ಅನುಭವಿಗಳೇ ಬಲ್ಲರು. ಅಂತಹ ಓಟದ ಕಷ್ಟ ಎಲ್ಲಿಂದ ಹುಟ್ಟುತ್ತದೆ, ಅದನ್ನು ದಾಟುವ ಬಗೆ ಯಾವುದು, ದಾಟದೆ ಹಿಂದಿರುಗಬೇಕಾದ ಸಂದರ್ಭ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸಲಾಗಿದೆ.

ಉಡುಪಿ ಸೀಮೆಯನ್ನು ಈ ವಿಚಾರಕ್ಕೆ ನಿದರ್ಶನವಾಗಿ ಆರಿಸಿಕೊಳ್ಳುವುದಕ್ಕೆ ಕಾರಣವುಂಟು. ಜೂನ್ ಮೊದಲ ವಾರದಲ್ಲಿ ನೈಋತ್ಯ ಮಾರುತವು ಕರಾವಳಿಯನ್ನು ಮುಟ್ಟಿತೆಂದರೆ ಸೆಪ್ಟೆಂಬರ್ ಕಳೆಯುವವರೆಗೆ ಅಲ್ಲಿ ಮಳೆಯದೇ ರಾಜ್ಯಭಾರ. ವರ್ಷವೊಂದಕ್ಕೆ ಸುಮಾರು 4000 ಮಿಲಿಮೀಟರಿನಷ್ಟು ಮಳೆ ಸುರಿಯುವ ನಾಡು ಅದು. ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭದ ಬಳಿ ಕಡಲ ಗಾಳಿಗೆ ತಡೆಯೆಂಬುದಿಲ್ಲ. ಮಣಿಪಾಲವು ಮುರಕಲ್ಲಿನ ದಿಬ್ಬದ ಮೇಲಿದ್ದು, ಅಲ್ಲಿಂದ ಇಳಿಯುವ ದಾರಿಗಳೆಲ್ಲ ಮಳೆನೀರಿನ ತೋಡುಗಳಾಗುತ್ತವೆ. ಕಾರ್ಕಳವು ಘಟ್ಟದ ತಪ್ಪಲಿಗೆ ಸಮೀಪವಾದುದರಿಂದ ಅಲ್ಲಿ ಗಾಳಿಗಿಂತ ಮಳೆಯ ಬಿರುಸು ಹೆಚ್ಚು. 2020ರ ಸೆಪ್ಟೆಂಬರ್ 20ರಂದು ಉಡುಪಿಯ ಬೀದಿಗಳಲ್ಲಿ ದೋಣಿಗಳನ್ನು ನಡೆಸಿ ಜನರನ್ನು ಪಾರುಗೊಳಿಸಬೇಕಾದ ಪ್ರಸಂಗ ಒದಗಿದ್ದನ್ನು ಬಹುಜನರು ಮರೆತಿರಲಾರರು. ಆದರೆ ತಾಲೂಕು ಮಟ್ಟದಿಂದ ಮೇಲೇರುವ ಶಾಲಾ ಕ್ರೀಡಾಕೂಟಗಳು, ದಸರಾ ಕ್ರೀಡಾಕೂಟಗಳು ನಡೆಯುವುದು ಮಳೆಗಾಲದ ಕಡೆಯ ಭಾಗದಲ್ಲಿ ಅಥವಾ ಅದು ಮುಗಿದೊಡನೆ. ಆದುದರಿಂದ ಓಟಗಾರನ ಸಾಧನೆಯೆಲ್ಲ ಮಳೆಯಲ್ಲಿಯೇ ನಡೆಯಬೇಕು. ಮಳೆ ನಿಲ್ಲಲೆಂದು ಕಾದವನಿಗೆ ಸ್ಪರ್ಧೆಯ ದಿನವೇ ಅಭ್ಯಾಸದ ಮೊದಲ ದಿನವಾದೀತು!

ಮೊದಲು ಏಕಾಂತದ ಕಷ್ಟವನ್ನು ನೋಡೋಣ. ಅಮೆರಿಕದ ನಾರ್ಮನ್ ಟ್ರಿಪ್ಲೆಟ್ ಎಂಬ ವಿದ್ವಾಂಸನು 1898ರಲ್ಲಿಯೇ ಸೈಕಲ್ ಸವಾರರ ಕಾಲಗಣನೆಯನ್ನು ಪರಿಶೀಲಿಸಿ, ಒಂಟಿಯಾಗಿ ಸಾಗುವವನಿಗಿಂತ ಜೊತೆಗಾರರೊಡನೆ ಸಾಗುವವನು ವೇಗವಾಗಿ ಹೋಗುತ್ತಾನೆಂಬುದನ್ನು ತೋರಿಸಿಕೊಟ್ಟನು. ನಮ್ಮ ಕರಾವಳಿಯ ಕಂಬಳವೇ ಇದಕ್ಕೆ ಸಾಕ್ಷಿ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡುಗಳಲ್ಲಿ ಓಡಿ ದೇಶದ ಗಮನವನ್ನು ಸೆಳೆದರು. ಕಾಲಡಿಯಲ್ಲಿ ಕೆಸರು ನೀರಿದ್ದರೂ ಮುಂದೆ ಕೋಣಗಳ ಸೆಳೆತವಿತ್ತು, ಎರಡು ಬದಿಗಳಲ್ಲಿ ಜನಸ್ತೋಮದ ಕೇಕೆಯಿತ್ತು. ಮಳೆಯಲ್ಲಿ ಒಬ್ಬನೇ ಓಡುವವನಿಗೆ ಸೆಳೆಯುವವರೂ ಇಲ್ಲ, ಕೂಗುವವರೂ ಇಲ್ಲ. ಅವನು ನಿಂತರೆ ಕಾಣುವವರಿಲ್ಲ, ನಿಲ್ಲದಿದ್ದರೂ ಕಾಣುವವರಿಲ್ಲ.

ಎರಡನೆಯದು ಗಾಳಿಯ ಕಷ್ಟ. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆಯೆಂಬುದು ಭೌತಶಾಸ್ತ್ರದ ನಿಯಮ. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಓಡುವವನಿಗೆ ನಿಶ್ಚಲವಾದ ಗಾಳಿಯಲ್ಲಿ ಉಂಟಾಗುವ ತಡೆಯನ್ನು ಒಂದು ಪಾಲೆಂದು ಎಣಿಸೋಣ. ಅದೇ ವೇಗದ ಗಾಳಿ ಎದುರಿನಿಂದ ಬೀಸಿದರೆ ಸಾಪೇಕ್ಷ ವೇಗವು 8 ಮೀಟರ್ ಆಗಿ ತಡೆಯು ನಾಲ್ಕು ಪಾಲಾಗುತ್ತದೆ. ಹಿಂದಿರುಗುವಾಗ ಅದೇ ಗಾಳಿ ಬೆನ್ನಿಗೆ ಬಿದ್ದರೆ ತಡೆಯು ಶೂನ್ಯವಾಗುತ್ತದೆ. ಅಂದರೆ ಹೋಗುವಾಗ ಮೂರು ಪಾಲು ನಷ್ಟ, ಬರುವಾಗ ಒಂದೇ ಪಾಲು ಲಾಭ. ಹೋಗುವಾಗ ಕಳೆದುದನ್ನು ಬರುವಾಗ ಗಳಿಸಿಯೇನೆಂಬ ಲೆಕ್ಕ ಇಲ್ಲಿ ನಡೆಯದು. ಗುಂಪಿನಲ್ಲಿ ಓಡುವವನಿಗಾದರೋ ಮುಂದಿನವನ ಮರೆ ದೊರೆಯುತ್ತದೆ. ಇಂಗ್ಲೆಂಡಿನ ಪ್ಯೂ ಎಂಬ ಶರೀರವಿಜ್ಞಾನಿಯು 1971ರಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಮುಂದಿನವನಿಂದ ಒಂದು ಮೀಟರ್ ಹಿಂದೆ ಓಡುವವನಿಗೆ ಗಾಳಿಯನ್ನು ಎದುರಿಸುವ ಶ್ರಮದ ಬಹುಪಾಲು ಉಳಿಯುತ್ತದೆಯೆಂದು ಕಂಡುಬಂದಿತು. ಏಕಾಕಿಗೆ ಆ ಮರೆಯೂ ಇಲ್ಲ.

ಇದರಿಂದ ಎರಡು ವ್ಯಾವಹಾರಿಕ ಸೂತ್ರಗಳು ಹೊರಡುತ್ತವೆ. ಮೊದಲನೆಯದು, ಮೈಯಲ್ಲಿ ಕಸುವು ಇರುವಾಗಲೇ ಗಾಳಿಗೆ ಎದುರಾಗಿ ಓಡಿ, ದಣಿದ ಮೇಲೆ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಮರಳಬೇಕು. ಮಳೆಗಾಲದ ಗಾಳಿ ಹೆಚ್ಚಾಗಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುವುದರಿಂದ, ಮಟ್ಟುವಿನ ಕಡೆಯಿಂದ ಕಾಪುವಿಗೆ ತೆಂಕುಮುಖವಾಗಿ ಹೊರಟು ಬಡಗುಮುಖವಾಗಿ ಹಿಂದಿರುಗುವುದು ಯುಕ್ತ. ಹಾಗಲ್ಲದೆ ಬೆವರಿ ನೆನೆದ ಮೈಯಲ್ಲಿ ಕಡೆಗೆ ಎದುರುಗಾಳಿಗೆ ಸಿಕ್ಕಿದವನಿಗೆ ಶ್ರಮದೊಡನೆ ಚಳಿಯೂ ಸೇರುತ್ತದೆ. ಎರಡನೆಯದು, ಗಡಿಯಾರದ ವೇಗಕ್ಕೆ ಕಟ್ಟುಬೀಳದೆ ಶ್ರಮದ ಪ್ರಮಾಣವನ್ನು ಸಮವಾಗಿ ಕಾಯ್ದುಕೊಳ್ಳಬೇಕು.

ಮೂರನೆಯದು ನೀರಿನ ಕಷ್ಟ. ಮಳೆಯಲ್ಲಿ ದೇಹ ತಂಪಾಗಿರುವುದೆಂಬ ನಂಬಿಕೆ ಪೂರ್ಣ ನಿಜವಲ್ಲ. ಬೆವರು ಆರಿದಾಗಲೇ ಅದು ಮೈಯ ಕಾವನ್ನು ಕೊಂಡೊಯ್ಯುವುದು. ಮಳೆ ಹನಿ ನಿಂತು, ಗಾಳಿ ಬಿದ್ದು, ತೇವವು ತುಂಬಿಕೊಂಡ ಘಳಿಗೆಯಲ್ಲಿ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಒಳಗಿನ ಕಾವು ಏರುತ್ತಲೇ ಇರುತ್ತದೆ. ಮೈಯೆಲ್ಲ ತೊಯ್ದಿರುವುದರಿಂದ ಎಷ್ಟು ಬೆವರು ಹೋಯಿತೆಂಬುದು ತಿಳಿಯುವುದಿಲ್ಲ, ಬಾಯಾರಿಕೆಯೂ ತೋರುವುದಿಲ್ಲ. ಮಳೆಗಾಲದ ಓಟಗಾರನೂ ನೀರು ಕುಡಿಯಬೇಕೆಂಬುದನ್ನು ಬಹುಮಂದಿ ಮರೆಯುತ್ತಾರೆ. ಇನ್ನು ನೆಲದ ಮಾತು: ಮುರಕಲ್ಲಿನ ಮೇಲೆ ಹಾವಸೆ ಬೆಳೆದು ಜಾರುತ್ತದೆ, ನಿಂತ ನೀರು ಗುಂಡಿಯನ್ನು ಮರೆಸುತ್ತದೆ. ಒದ್ದೆಯ ಪಾದರಕ್ಷೆಯಿಂದ ಬೊಬ್ಬೆಯೆದ್ದು ಒಡೆದ ಕಾಲಿನಲ್ಲಿ ಹೊಲಸು ನೀರನ್ನು ತುಳಿದರೆ ಇಲಿಜ್ವರದ ಭಯವುಂಟು.

ನಮ್ಮ ಪ್ರಾಚೀನರು ಈ ವಿಷಯದಲ್ಲಿ ಏನೆನ್ನುತ್ತಾರೆ? ಚರಕಸಂಹಿತೆಯು ವರ್ಷಋತುವಿನಲ್ಲಿ ವರ್ಜಿಸಬೇಕಾದವುಗಳಲ್ಲಿ ವ್ಯಾಯಾಮವನ್ನೂ ಹೇಳಿದೆ. ವಾಗ್ಭಟನು ಬಲಶಾಲಿಗಳು ಶೀತಕಾಲದಲ್ಲಿಯೂ ವಸಂತದಲ್ಲಿಯೂ ಅರ್ಧಶಕ್ತಿಯಷ್ಟು ವ್ಯಾಯಾಮ ಮಾಡಬಹುದೆಂದೂ ಉಳಿದ ಕಾಲದಲ್ಲಿ ಮಂದವಾಗಿ ಮಾಡಬೇಕೆಂದೂ ವಿಧಿಸಿದ್ದಾನೆ. ಅರ್ಧಶಕ್ತಿಯ ಲಕ್ಷಣವನ್ನು ಸುಶ್ರುತನು ಹೇಳಿರುವ ಬಗೆ ಸೊಗಸಾದುದು: ಹೃದಯಸ್ಥಾನದ ವಾಯುವು ಬಾಯಿಗೆ ಬಂದಾಗ, ಎಂದರೆ ಬಾಯಿಂದ ಉಸಿರಾಡುವಂತಾದಾಗ, ಬಲದ ಅರ್ಧವು ವ್ಯಯವಾಯಿತೆಂದು ತಿಳಿಯಬೇಕು. ಓಡುತ್ತಿರುವಾಗ ಸರಾಗವಾಗಿ ಮಾತನಾಡಲು ಬರುವುದೇ ಎಂದು ನೋಡುವ ಇಂದಿನ ತರಬೇತಿಯ ಪರೀಕ್ಷೆಯೂ ಇದಕ್ಕೆ ಹತ್ತಿರದ ಸಂಬಂಧಿಯೇ. ಶಾಸ್ತ್ರಕಾರರು ಬರೆದುದು ಗೃಹಸ್ಥನ ಆರೋಗ್ಯವನ್ನು ಕುರಿತು, ಸ್ಪರ್ಧಿಯನ್ನು ಕುರಿತಲ್ಲ. ಆದುದರಿಂದ ಸ್ಪರ್ಧಿಯು ಈ ಮಿತಿಯನ್ನು ದಾಟಬಹುದು. ಆದರೆ ದಾಟುತ್ತಿರುವೆನೆಂಬ ಎಚ್ಚರ ಅವನಿಗಿರಬೇಕು. ವಾರಕ್ಕೆ ಒಂದೆರಡು ದಿನ ಮಾತ್ರ ಕಠಿನವಾಗಿ ಓಡಿ, ಉಳಿದ ದಿನಗಳಲ್ಲಿ ಮಂದವಾಗಿ ಸಾಗಿದರೆ ಶಾಸ್ತ್ರಕ್ಕೂ ಸಾಧನೆಗೂ ಸಂಧಿಯೇರ್ಪಡುತ್ತದೆ.

ಕಠಿನವಾದ ದಿನದ ಕ್ರಮವನ್ನು ಹೀಗೆ ಹಾಕಿಕೊಳ್ಳಬಹುದು. ಆರಂಭಕ್ಕೆ 15 ನಿಮಿಷ ಮೆಲುಓಟ. ಬಳಿಕ 3 ನಿಮಿಷದ ಬಿರುಸಿನ ಓಟಗಳು ಆರು. ಅವುಗಳ ನಡುನಡುವೆ 2 ನಿಮಿಷದ ಮೆಲುಓಟ. ಕಡೆಗೆ 10 ನಿಮಿಷ ಮತ್ತೆ ಮೆಲುಓಟ. ಒಟ್ಟು 53 ನಿಮಿಷ. ಮೈದಾನದಲ್ಲಿ ನೀರು ನಿಂತಿರುವಾಗ ಮೀಟರುಗಳನ್ನು ಅಳೆಯಲಾಗದು. ಆದುದರಿಂದ ದೂರವನ್ನು ಬಿಟ್ಟು ನಿಮಿಷಗಳನ್ನು ಎಣಿಸಬೇಕು. ಮನಸ್ಸು ಸೋಲುವುದು ಸಾಮಾನ್ಯವಾಗಿ ಮೊದಲಲ್ಲೂ ಅಲ್ಲ, ಕಡೆಯಲ್ಲೂ ಅಲ್ಲ; ನಡುವಿನ ಮೂರನೆಯ, ನಾಲ್ಕನೆಯ ಸುತ್ತಿನಲ್ಲಿ. ಆಗ ಉಳಿದುದೆಲ್ಲವನ್ನೂ ಲೆಕ್ಕಿಸದೆ ಈ ಒಂದು ಸುತ್ತನ್ನು ಮಾತ್ರ ಮುಗಿಸುವೆನೆಂದು ಮನಸ್ಸಿಗೆ ಹೇಳಿಕೊಳ್ಳುವುದು ಫಲಕಾರಿ. ದಣಿವಿನಲ್ಲಿ ಮನಸ್ಸಿನ ಪಾಲು ಎಷ್ಟೆಂಬುದಕ್ಕೆ 2009ರಲ್ಲಿ ಮಾರ್ಕೋರ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದು ಸಾಕ್ಷಿ. 90 ನಿಮಿಷ ಬುದ್ಧಿಗೆ ಶ್ರಮ ಕೊಟ್ಟು ಬಳಿಕ ಸೈಕಲ್ ತುಳಿದವರು, ಹೃದಯ ಶ್ವಾಸಗಳ ಸ್ಥಿತಿಯಲ್ಲಿ ಕುಂದಿಲ್ಲದಿದ್ದರೂ, ಬೇಗನೆ ಕೈಬಿಟ್ಟರು. ಅಹೋರಾತ್ರಿ ಓದಿ ಬೆಳಿಗ್ಗೆ ಓಟಕ್ಕೆ ಬಂದ ವಿದ್ಯಾರ್ಥಿಯನ್ನು ಸೋಮಾರಿಯೆಂದು ಗದರುವ ಮುನ್ನ ಅಧ್ಯಾಪಕರು ಇದನ್ನು ನೆನೆಯಬೇಕು.

ಹೀಗೆ ಏಕಾಂತದಲ್ಲಿ ಗಳಿಸಿದುದು ವ್ಯರ್ಥವಾಗದೆಂಬುದಕ್ಕೆ ಎರಡು ನಿದರ್ಶನಗಳು. ಚೆಕೊಸ್ಲೊವಾಕಿಯದ ಸೈನಿಕ ಎಮಿಲ್ ಝಟೋಪೆಕ್ ಭಾರವಾದ ಬೂಟುಗಳನ್ನು ತೊಟ್ಟು ಹಿಮದಲ್ಲಿಯೂ ಅಭ್ಯಾಸ ಮಾಡಿದವನು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಮಳೆಗೆ ಕೆಸರಾದ ಪಥದ ಮೇಲೆ, 5000 ಮೀಟರ್ ಓಟದ ಕೊನೆಯ ಸುತ್ತಿನಲ್ಲಿ ಬಹುದೂರ ಹಿಂದಿದ್ದವನು ಮುನ್ನುಗ್ಗಿ, 0.2 ಸೆಕೆಂಡಿನಿಂದ ಮಾತ್ರ ಎರಡನೆಯವನಾದನು; 1952ರ ಹೆಲ್ಸಿಂಕಿಯಲ್ಲಿ 5000, 10000 ಮೀಟರ್ ಮತ್ತು ಮ್ಯಾರಥಾನ್ ಮೂರರಲ್ಲಿಯೂ ಚಿನ್ನ ಗೆದ್ದನು. 2018ರ ಏಪ್ರಿಲಿನ ಬಾಸ್ಟನ್ ಮ್ಯಾರಥಾನ್ ಕೊರೆಯುವ ಮಳೆಯಲ್ಲಿ, ಎದುರುಗಾಳಿಯಲ್ಲಿ ನಡೆಯಿತು. ಖ್ಯಾತರಾದ ಹಲವರು ನಡುವಿನಲ್ಲಿಯೇ ಬಿಟ್ಟುಹೋದ ಆ ಓಟವನ್ನು 2 ಗಂಟೆ 15 ನಿಮಿಷ 58 ಸೆಕೆಂಡುಗಳಲ್ಲಿ ಗೆದ್ದವನು ಜಪಾನಿನ ಯುಕಿ ಕವಾಉಚಿ. ಆಗ ಅವನು ಸರಕಾರಿ ಶಾಲೆಯೊಂದರ ಕಚೇರಿಯ ನೌಕರ.

ಆದರೆ ಛಲವೇ ಸರ್ವಸ್ವವಲ್ಲ. ಹಿಂದಿರುಗುವುದು ಕರ್ತವ್ಯವಾಗುವ ಸಂದರ್ಭಗಳುಂಟು. ಮಿಂಚು ಕಂಡ 30 ಸೆಕೆಂಡುಗಳೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರಿಗಿಂತ ಸಮೀಪದಲ್ಲಿದೆಯೆಂದು ಅರ್ಥ. ಒಡನೆಯೇ ಗಟ್ಟಿಯಾದ ಕಟ್ಟಡವನ್ನು ಸೇರಬೇಕು, ಕೊನೆಯ ಗುಡುಗಿನ ಬಳಿಕ 30 ನಿಮಿಷ ಹೊರಬರಬಾರದು. ಮರದಡಿ ನಿಲ್ಲುವುದು ಆಶ್ರಯವಲ್ಲ, ಅಪಾಯ. ಜ್ವರವಿರುವ ದಿನ ಓಡಬಾರದು. ಎದೆ ನೋವು, ತಲೆಸುತ್ತು, ನಿಲ್ಲದ ನಡುಕ ತೋರಿದರೆ ಅಲ್ಲಿಗೇ ಮುಗಿಸಬೇಕು. ದಾರಿಯ ಮೇಲೆ ನೀರು ಹರಿಯುತ್ತಿದ್ದರೆ ಅದನ್ನು ದಾಟಲೆಳಸಬಾರದು. ಸುಖವಾಗಿಲ್ಲವೆಂಬುದು ನಿಲ್ಲಲು ಕಾರಣವಲ್ಲ, ಕ್ಷೇಮವಿಲ್ಲವೆಂಬುದು ಕಾರಣ. ಈ ಎರಡರ ಭೇದವನ್ನು ಅರಿಯುವುದೇ ಈ ವಿದ್ಯೆಯ ಸಾರ. ತಿಳಿಯದ ಬಾಲಕನು ಇವೆರಡನ್ನೂ ಒಂದೆಂದು ಬಗೆದರೆ, ಒಂದೋ ಹನಿಮಳೆಗೆ ಅಂಜಿ ಮನೆಯಲ್ಲುಳಿದಾನು, ಇಲ್ಲವೇ ಸಿಡಿಲಿಗೂ ಅಂಜದೆ ಪ್ರಾಣವನ್ನು ಒಡ್ಡಿಯಾನು.

ಈ ಭೇದವನ್ನು ಕಲಿಸುವ ಹೊಣೆ ಶಾಲೆಯದು. ಏಕಾಕಿಯಾಗಿ ಓಡುವವನೂ ಹೊರಡುವ ಮುನ್ನ ತನ್ನ ದಾರಿಯನ್ನೂ ಮರಳುವ ಹೊತ್ತನ್ನೂ ಅಧ್ಯಾಪಕರಿಗೆ ತಿಳಿಸಿರಬೇಕು. ಮರಳಿದನೆಂಬುದನ್ನು ಅಧ್ಯಾಪಕರು ವಿಚಾರಿಸಬೇಕು. ದಾನಿಗಳು ಮೈದಾನಕ್ಕೆ ನೀರಿಳಿಯುವ ಕಾಲುವೆಯನ್ನೋ, ಒದ್ದೆ ಬಟ್ಟೆ ಬದಲಿಸಲು ಒಂದು ಮಾಡನ್ನೋ ಕಟ್ಟಿಸಿಕೊಟ್ಟರೆ ಅದು ವಿಜಯಫಲಕಗಳಿಗಿಂತ ಹೆಚ್ಚು ಮಕ್ಕಳಿಗೆ ಉಪಕಾರವಾಗುವ ದಾಸೋಹವಾದೀತು. ಹಳೆಯ ವಿದ್ಯಾರ್ಥಿಗಳು ವಾರಕ್ಕೊಂದು ಬೆಳಗು ಬಂದು ಜೊತೆಗೆ ಓಡಿದರೆ ಗಾಳಿಗೆ ಮರೆಯೂ ಮನಸ್ಸಿಗೆ ಆಸರೆಯೂ ದೊರೆಯುವುವು.

ಶರಣರು ಕಾಯಕಕ್ಕೆ ಕೊಟ್ಟ ಹಿರಿಮೆಯ ಮರ್ಮವು, ಅದನ್ನು ಪರರು ನೋಡಲೆಂದು ಮಾಡದಿರುವುದರಲ್ಲಿದೆ. ಮಳೆಯ ಮುಂಜಾವಿನಲ್ಲಿ ಯಾರೂ ಕಾಣದ ದಾರಿಯಲ್ಲಿ ಆರನೆಯ ಸುತ್ತನ್ನು ಮುಗಿಸಿದ ಬಾಲಕನಿಗೆ ಅಂದು ದೊರೆಯುವ ಪದಕವಿಲ್ಲ. ತನ್ನ ಮಾತನ್ನು ತಾನು ನಡೆಸಿಕೊಂಡೆನೆಂಬ ಅರಿವು ಮಾತ್ರ ಅವನದು. ಆ ಅರಿವು ಪರೀಕ್ಷೆಯ ಕೋಣೆಯಲ್ಲಿಯೂ ಸಂಸಾರದ ಸಂಕಟದಲ್ಲಿಯೂ ಅವನಿಗೆ ಒದಗಿಬರುವಂತಹುದು. ಅದಕ್ಕಾಗಿ ಅವನು ಕ್ಷೇಮವಾಗಿ ಮನೆಗೆ ಮರಳುವಂತೆ ನೋಡಿಕೊಳ್ಳುವುದು ಹಿರಿಯರಾದ ನಮ್ಮೆಲ್ಲರ ಕಾಯಕ.