‘ಬೇಡ’ ಅಂದವನು ನಾನೇ: ಉಪಶಮನ ಆರೈಕೆಯ ಬಗ್ಗೆ ಒಂದಿಷ್ಟು

ಯುಗಾದಿ ಕಾರ್ಯಕ್ರಮ, ಪಿಕ್ನಿಕ್ಕು, ಕನ್ನಡ ಶಾಲೆ, ಹಾಸ್ಯ ನಾಟಕ ಅಂತ ಓದಿ ಅಭ್ಯಾಸವಾಗಿರುವ ಈ ಪತ್ರಿಕೆಯಲ್ಲಿ ನಾನು ಈ ಸಲ ಆಸ್ಪತ್ರೆಯ ಕಥೆ ಹೇಳಹೊರಟಿದ್ದೇನೆ, ಬೇಸರಿಸಬೇಡಿ. ನಾನು ಡಾಕ್ಟರಲ್ಲ, ಷಿಕಾಗೊ ಪಕ್ಕದ ನೇಪರ್‌ವಿಲ್‌ನಲ್ಲಿರುವ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್. ಹಾಗಾಗಿ ಇದು ವೈದ್ಯಕೀಯ ಸಲಹೆಯಲ್ಲ. ನಾನು ಮಾಡಿದ ತಪ್ಪನ್ನು ನಾಲ್ಕು ಜನಕ್ಕೆ ಹೇಳಿದರೆ, ಅವರಾದರೂ ಅದನ್ನು ಮಾಡಲಾರರು ಅನ್ನುವ ಆಸೆ, ಅಷ್ಟೆ.

ನಮ್ಮ ದೊಡ್ಡಪ್ಪ ಅರಸೀಕೆರೆಯಲ್ಲಿ ಹೈಸ್ಕೂಲ್ ಗಣಿತದ ಮೇಷ್ಟ್ರಾಗಿದ್ದವರು. ನಿವೃತ್ತಿಯಾದ ಮೇಲೆ ದೊಡ್ಡಮ್ಮನ ಜೊತೆ ಡೆಟ್ರಾಯಿಟ್ ಹತ್ತಿರದ ಕ್ಯಾಂಟನ್‌ಗೆ, ಮಗನ ಮನೆಗೆ ಬಂದು ನೆಲೆಸಿದರು. ಎರಡು ವರ್ಷದ ಹಿಂದೆ ಅವರ ಹೃದಯ ಸೋಲತೊಡಗಿತು. ಕಾಲು ಊದಿಕೊಳ್ಳುವುದು, ಉಸಿರು ಕಟ್ಟುವುದು, ಆಸ್ಪತ್ರೆಗೆ ಸೇರಿಸಿ ನೀರು ಇಳಿಸುವುದು, ಮನೆಗೆ ಬರುವುದು. ಡಿಸೆಂಬರ್‌ನಲ್ಲಿ ಒಂದು ಸಲ, ಫೆಬ್ರವರಿಯಲ್ಲಿ ಇನ್ನೊಂದು ಸಲ, ಮಾರ್ಚ್ ಕೊನೆಯಲ್ಲಿ ಮತ್ತೊಂದು ಸಲ. ಮೂರನೇ ಸಲ ಅಣ್ಣ ಕೆಲಸದ ಮೇಲೆ ಜರ್ಮನಿಯಲ್ಲಿದ್ದ. ನಾನು ಐ-94 ಹಿಡಿದು ಹೊರಟೆ. ಮಿಶಿಗನ್ ಗಡಿ ದಾಟಿದೊಡನೆ ಗಡಿಯಾರ ಒಂದು ಗಂಟೆ ಮುಂದೆ ಓಡುತ್ತದಲ್ಲ, ಅವತ್ತು ಆ ಒಂದು ಗಂಟೆಯೂ ಹೊಟ್ಟೆ ಉರಿಸಿತು.

ಆಸ್ಪತ್ರೆಯಲ್ಲಿ ಒಬ್ಬ ಯುವ ವೈದ್ಯೆ ಬಂದು, "ನಮ್ಮ ಪ್ಯಾಲಿಯೇಟಿವ್ ಕೇರ್ ತಂಡದವರು ಒಮ್ಮೆ ಬಂದು ಇವರನ್ನು ನೋಡಲೇ?" ಅಂತ ಕೇಳಿದರು. ನನ್ನ ಎದೆ ಧಸಕ್ಕೆಂದಿತು. "ನೋ ನೋ, ವಿ ಆರ್ ನಾಟ್ ದೇರ್ ಯೆಟ್" ಅಂದುಬಿಟ್ಟೆ. ಇಂಗ್ಲಿಷ್ ಅಷ್ಟಾಗಿ ಬರದ ದೊಡ್ಡಮ್ಮ, "ಏನಂತೋ ಅವರು?" ಅಂದರು. "ಏನಿಲ್ಲ ದೊಡ್ಡಮ್ಮ, ಇನ್ನೊಂದು ಟೆಸ್ಟ್ ಬೇಕಾ ಅಂತ ಕೇಳಿದ್ರು" ಅಂದೆ. ಹಾಸಿಗೆಯ ಮೇಲಿದ್ದ ದೊಡ್ಡಪ್ಪನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನನ್ನ ತಲೆಯಲ್ಲಿ ಪ್ಯಾಲಿಯೇಟಿವ್ ಅಂದರೆ ಹಾಸ್ಪಿಸ್, ಹಾಸ್ಪಿಸ್ ಅಂದರೆ ಕೈಬಿಟ್ಟರು ಅಂತಲೇ ಇತ್ತು. ನಮ್ಮಲ್ಲಿ ಬಹಳ ಜನ ಹೀಗೇ ತಿಳಿದಿರುತ್ತಾರೆ. ಇವೆರಡೂ ಒಂದೇ ಅಲ್ಲ. ರೋಗ ಸಹಜವಾಗಿ ಮುಂದುವರಿದರೆ ಆರು ತಿಂಗಳು ಅಥವಾ ಅದಕ್ಕಿಂತ ಕಡಿಮೆ ಆಯುಸ್ಸು ಎಂದು ಇಬ್ಬರು ವೈದ್ಯರು ಬರೆದುಕೊಟ್ಟು, ಆ ರೋಗವನ್ನು ಗುಣಪಡಿಸುವ ಚಿಕಿತ್ಸೆ ಇನ್ನು ಬೇಡ ಎಂದು ರೋಗಿ ಒಪ್ಪಿದರೆ ಮೆಡಿಕೇರ್ ಕೊಡುವುದು ಹಾಸ್ಪಿಸ್. ಪ್ಯಾಲಿಯೇಟಿವ್ ಕೇರ್, ಅಂದರೆ ಉಪಶಮನ ಆರೈಕೆಗೆ ಈ ಷರತ್ತುಗಳಿಲ್ಲ. ಕಾಯಿಲೆ ಗಂಭೀರವಾಗಿದ್ದರೆ ಸಾಕು, ಯಾವ ಹಂತದಲ್ಲಾದರೂ, ಮಾಮೂಲಿ ಚಿಕಿತ್ಸೆಯ ಜೊತೆಜೊತೆಗೇ ಸಿಗುತ್ತದೆ. ನೋವು, ಉಸಿರಾಟದ ಕಷ್ಟ, ನಿದ್ದೆ, ಭಯ, ಮನೆಯವರ ಗೊಂದಲ ಇವನ್ನೆಲ್ಲ ನೋಡಿಕೊಳ್ಳಲು ಡಾಕ್ಟರು, ನರ್ಸು, ಸೋಷಿಯಲ್ ವರ್ಕರ್ ಸೇರಿದ ತಂಡವೇ ಇರುತ್ತದೆ. 2010ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯವರು ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ರೋಗಿಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಮೊದಲಿನಿಂದಲೇ ಉಪಶಮನ ಆರೈಕೆ ಸಿಕ್ಕವರು ಹೆಚ್ಚು ನೆಮ್ಮದಿಯಾಗಿದ್ದರು. ಅಷ್ಟೇ ಅಲ್ಲ, ಅವರು ಬದುಕಿದ ಮಧ್ಯಾಂಕ ಅವಧಿ 11.6 ತಿಂಗಳು, ಉಳಿದವರದು 8.9 ತಿಂಗಳು! ಎಲ್ಲ ಕಾಯಿಲೆಗೂ ಇದೇ ಲೆಕ್ಕ ಅನ್ವಯಿಸುವುದಿಲ್ಲ, ನಿಜ. ಆದರೆ ‘ಇದನ್ನು ಒಪ್ಪಿದರೆ ಬೇಗ ಹೋಗಿಬಿಡುತ್ತಾರೆ’ ಅನ್ನುವ ನನ್ನ ಭಯಕ್ಕೆ ಆಧಾರವಿರಲಿಲ್ಲ.

ಹಾಗಾದರೆ ಇದು ಯಾರಿಗೆ ಬೇಕು ಅಂತ ಆಸ್ಪತ್ರೆಗೆ ಹೇಗೆ ಗೊತ್ತಾಗುತ್ತದೆ? ಈ ಪ್ರಶ್ನೆಗೆ ನಮ್ಮ ಎರಡೂ ಊರುಗಳ ನಂಟಿದೆ. 1965ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಬಿಲಿಂಗ್ಸ್ ಆಸ್ಪತ್ರೆಯಲ್ಲಿದ್ದ ಸ್ವಿಟ್ಜರ್ಲೆಂಡ್ ಮೂಲದ ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ ಅವರಲ್ಲಿಗೆ ನಾಲ್ವರು ಧರ್ಮಶಾಸ್ತ್ರದ ವಿದ್ಯಾರ್ಥಿಗಳು ಬಂದರು. ಸಾವಿನ ಬಗ್ಗೆ ಅಧ್ಯಯನ ಮಾಡಬೇಕಿತ್ತು. ಸಾವಿನ ಹತ್ತಿರವಿರುವವರನ್ನೇ ಮಾತಾಡಿಸೋಣ ಅಂತ ಆಕೆ ವಾರ್ಡ್‌ಗಳಲ್ಲಿ ವಿಚಾರಿಸಿದರೆ, ಅಂಥ ರೋಗಿ ಒಬ್ಬರೂ ಇಲ್ಲ ಅನ್ನುವ ಉತ್ತರ ಬಂತು. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಒಬ್ಬರೂ ಇಲ್ಲವಂತೆ! ರೋಗಿಗಳು ಇದ್ದರು, ನೋಡಲು ಯಾರಿಗೂ ಧೈರ್ಯವಿರಲಿಲ್ಲ. ಪಟ್ಟು ಬಿಡದೆ ಆಕೆ ನಡೆಸಿದ ಆ ಮಾತುಕತೆಗಳೇ 1969ರಲ್ಲಿ ‘ಆನ್ ಡೆತ್ ಅಂಡ್ ಡೈಯಿಂಗ್’ ಎಂಬ ಪ್ರಸಿದ್ಧ ಪುಸ್ತಕವಾದವು.

ಇನ್ನು ಡೆಟ್ರಾಯಿಟ್. ಅಲ್ಲಿನ ಡೆಟ್ರಾಯಿಟ್ ರಿಸೀವಿಂಗ್ ಆಸ್ಪತ್ರೆಯಲ್ಲಿ ಮಾರ್ಗರೆಟ್ ಕ್ಯಾಂಪ್‌ಬೆಲ್ ಎಂಬ ನರ್ಸ್ ಬೇರೆಯದೇ ದಾರಿ ಹಿಡಿದರು. ವೈದ್ಯರು ಕರೆಯಲಿ ಅಂತ ಕಾಯದೆ, ತಾವೇ ಐ.ಸಿ.ಯು.ಗೆ ಹೋಗಿ ಹುಡುಕುವುದು! ಹಲವು ಅಂಗಗಳು ಒಟ್ಟಿಗೆ ಸೋತವರು, ಹೃದಯ ನಿಂತು ಮತ್ತೆ ಚಾಲೂ ಆದರೂ ಮಿದುಳಿಗೆ ತೀವ್ರ ಪೆಟ್ಟಾದವರು, ಇಂಥವರನ್ನು ಮೊದಲೇ ಗುರುತಿಸಿ ಮನೆಯವರ ಜೊತೆ ಕೂತು ಮಾತಾಡುವುದು. 2003ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಇದರಿಂದ ಮನೆಯವರು ಕತ್ತಲಲ್ಲಿ ಕಾಯುವ ದಿನಗಳು ಕಡಿಮೆಯಾದವು. ಮಾತಾಡಲಾಗದ ರೋಗಿಗೆ ಉಸಿರಾಟದ ಸಂಕಟ ಎಷ್ಟಿದೆ ಎಂದು ನೋಡಿಯೇ ಅಳೆಯುವ ಒಂದು ಪಟ್ಟಿಯನ್ನೂ ಆಕೆ ರೂಪಿಸಿದ್ದಾರೆ.

2011ರಲ್ಲಿ ಅಮೆರಿಕದ ತಜ್ಞರ ಸಮಿತಿಯೊಂದು ಆಸ್ಪತ್ರೆಗಳಿಗಾಗಿ ಗುರುತುಗಳ ಪಟ್ಟಿಯನ್ನೇ ಕೊಟ್ಟಿತು. ಅದರಲ್ಲಿ ಮುಖ್ಯವಾದವು ಇವು: ಒಂದೇ ಕಾಯಿಲೆಗೆ ಕೆಲವೇ ತಿಂಗಳಲ್ಲಿ ಮತ್ತೆ ಮತ್ತೆ ದಾಖಲಾಗುವುದು, ನೋವು, ಉಸಿರಾಟದ ಕಷ್ಟ ಹತೋಟಿಗೆ ಬಾರದಿರುವುದು, ಓಡಾಟ ಕುಗ್ಗುವುದು, ತಾನಾಗಿ ತೂಕ ಇಳಿಯುವುದು, ಐ.ಸಿ.ಯು.ನಲ್ಲಿ ಏಳು ದಿನ ದಾಟುವುದು. ಮುಂದೇನು ಎಂಬುದರ ಬಗ್ಗೆ ಮನೆಯವರಲ್ಲಿ, ವೈದ್ಯರಲ್ಲಿ ಒಮ್ಮತವಿಲ್ಲದಿರುವುದು. ಜೊತೆಗೆ ವೈದ್ಯರು ತಮಗೆ ತಾವೇ ಹಾಕಿಕೊಳ್ಳಬೇಕಾದ ಒಂದು ಪ್ರಶ್ನೆ: ಈ ರೋಗಿ ಇನ್ನೊಂದು ವರ್ಷದೊಳಗೆ ತೀರಿಕೊಂಡರೆ ನನಗೆ ಆಶ್ಚರ್ಯವಾದೀತೆ? ಇದು ಜ್ಯೋತಿಷ್ಯವಲ್ಲ, ಎಷ್ಟೋ ಸಲ ತಪ್ಪುತ್ತದೆ, ಅದರಲ್ಲೂ ಕ್ಯಾನ್ಸರ್ ಅಲ್ಲದ ಕಾಯಿಲೆಗಳಲ್ಲಿ. ಆದರೆ ಮಾತು ಶುರುಮಾಡಲು ಸಾಕು.

ಈ ಪಟ್ಟಿ ಓದಿದಾಗ ನನಗೆ ನೆನಪಾದದ್ದು ದೊಡ್ಡಪ್ಪನ ಬೆಲ್ಟು. ಪ್ಯಾಂಟು ನಿಲ್ಲುತ್ತಿಲ್ಲ ಅಂತ ಅದಕ್ಕೆ ಅವರೇ ಮೊಳೆ ಹೊಡೆದು ಎರಡು ಹೊಸ ತೂತು ಮಾಡಿಕೊಂಡಿದ್ದರು. ನಾವೆಲ್ಲ ನೋಡಿ ನಕ್ಕಿದ್ದೆವು! ಕಾಲಿನಲ್ಲಿ ನೀರು ತುಂಬಿದ್ದರಿಂದ ಆಸ್ಪತ್ರೆಯ ತಕ್ಕಡಿಗೆ ತೂಕ ಇಳಿದದ್ದು ಕಾಣಲಿಲ್ಲ. ಬೆಲ್ಟಿಗೆ ಗೊತ್ತಿತ್ತು, ನಮ್ಮ ಕಣ್ಣಿಗೂ ಬಿದ್ದಿತ್ತು.

ಸಾಫ್ಟ್‌ವೇರ್‌ನವನಾದ್ದರಿಂದ ಇನ್ನೊಂದು ಸಂಗತಿ ನನಗೆ ಹಿಡಿಸಿತು. 2024ರಲ್ಲಿ ಅಮೆರಿಕದ 11 ಆಸ್ಪತ್ರೆಗಳ ಒಂದು ದೊಡ್ಡ ಪ್ರಯೋಗದ ವರದಿ ಬಂತು. ಶ್ವಾಸಕೋಶ, ಮೂತ್ರಪಿಂಡದ ತೀವ್ರ ಕಾಯಿಲೆ ಅಥವಾ ಮರೆವಿನ ರೋಗ ಇರುವ ವೃದ್ಧರಿಗೆ ಕಂಪ್ಯೂಟರೇ ಉಪಶಮನ ತಂಡದ ಭೇಟಿಯನ್ನು ಆರ್ಡರ್ ಮಾಡಿಬಿಡುತ್ತಿತ್ತು. ಬೇಡವಾದರೆ ವೈದ್ಯರು ರದ್ದು ಮಾಡಬಹುದು. ‘ಡಿಫಾಲ್ಟ್’ ಬದಲಿಸಿದ್ದು ಅಷ್ಟೇ! ತಂಡದವರು ಬಂದು ನೋಡಿದ ರೋಗಿಗಳ ಪ್ರಮಾಣ ಶೇ. 16.6 ಇದ್ದದ್ದು ಶೇ. 43.9 ಆಯಿತು. ಆಸ್ಪತ್ರೆಯಲ್ಲಿ ಉಳಿಯುವ ದಿನಗಳೇನೂ ಇದರಿಂದ ಕಡಿಮೆಯಾಗಲಿಲ್ಲ ಅನ್ನುವುದನ್ನೂ ಹೇಳಬೇಕು. ಅಂತೂ ಕಂಪ್ಯೂಟರ್ ಗುರುತಿಸಬಹುದು. ಬಾಗಿಲಲ್ಲಿ ನಿಂತು ‘ಬೇಡ’ ಅನ್ನುವ ನನ್ನಂಥ ಭತೀಜನನ್ನು ಅದು ಏನು ಮಾಡೀತು?

ಜೂನ್‌ನಲ್ಲಿ ದೊಡ್ಡಪ್ಪ ನಾಲ್ಕನೇ ಸಲ ದಾಖಲಾದರು. ಈ ಸಲ ನಾನೂ ಅಣ್ಣನೂ ನಾವಾಗಿಯೇ ಕೇಳಿದೆವು. ತಂಡದ ವೈದ್ಯರು ಬಂದವರೇ ನನ್ನನ್ನು ದುಭಾಷಿ ಕೆಲಸದಿಂದ ನಯವಾಗಿ ಬಿಡಿಸಿದರು. ಫೋನಿನಲ್ಲಿ ಕನ್ನಡ ದುಭಾಷಿ ಬಂದರು. "ಯಜಮಾನ್ರ, ನಿಮಗ ಭಾಳ ತ್ರಾಸ ಕೊಡಾಕತ್ತಿದ್ದು ಏನ್ರಿ?" ದೊಡ್ಡಪ್ಪನ ಮುಖ ಅರಳಿತು. "ನೀವು ಧಾರವಾಡದ ಕಡೆಯವರಾ?" ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ರಾತ್ರಿ ಮಲಗೋಕೆ ಭಯ ಆಗುತ್ತೆ. ಮಲಗಿದ್ರೆ ಉಸಿರು ಕಟ್ಟುತ್ತೆ. ಟಿ.ವಿ. ನೋಡ್ತೀನಿ ಅಂತ ಸುಳ್ಳು ಹೇಳಿ ಕುರ್ಚೀಲೇ ಕೂತಿರ್ತೀನಿ. ಇವಳಿಗೆ ಗೊತ್ತಾದ್ರೆ ಇವಳೂ ನಿದ್ದೆ ಮಾಡಲ್ಲ."

ದೊಡ್ಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಕಿಟಕಿಯ ಕಡೆ ತಿರುಗಿದೆ. ನಾನು ‘ಬೇಡ’ ಅಂದು ಹನ್ನೊಂದು ವಾರವಾಗಿತ್ತು. ಅಷ್ಟೂ ರಾತ್ರಿಗಳನ್ನು ಅವರು ಕುರ್ಚಿಯಲ್ಲಿ ಕಳೆದಿದ್ದರು.

ಆ ತಂಡದವರು ಪವಾಡವನ್ನೇನೂ ಮಾಡಲಿಲ್ಲ. ಹೃದಯದ ಮಾತ್ರೆಗಳು ಹಾಗೇ ಮುಂದುವರಿದವು. ಉಸಿರಿನ ಸಂಕಟಕ್ಕೆ ಅತಿ ಸಣ್ಣ ಪ್ರಮಾಣದ ಮಾರ್ಫಿನ್, ತಲೆಯ ಕಡೆ ಏರಿಸಬಹುದಾದ ಮಂಚ, ಮುಖಕ್ಕೆ ಗಾಳಿ ಬರುವಂತೆ ಒಂದು ಪುಟ್ಟ ಫ್ಯಾನು, ರಾತ್ರಿ ಹೊತ್ತು ಫೋನ್ ಮಾಡಲು ಒಂದು ನಂಬರು. ದೊಡ್ಡಪ್ಪ ಮಂಚದ ಮೇಲೆ ಮಲಗಿದರು. ಇನ್ನೊಮ್ಮೆ ಆಸ್ಪತ್ರೆ ಬೇಡ ಅನ್ನುವುದನ್ನು ಅವರೇ ಹೇಳಿದರು, ಕಾಗದದ ಮೇಲೆ ಸಹಿಯನ್ನೂ ಅವರೇ ಹಾಕಿದರು. ಸೆಪ್ಟೆಂಬರ್‌ನಲ್ಲಿ ಹಾಸ್ಪಿಸ್‌ಗೆ ಒಪ್ಪಿದರು. ದೀಪಾವಳಿಗೆ ಮೊದಲೇ, ಮನೆಯಲ್ಲೇ, ದೊಡ್ಡಮ್ಮ ಪಕ್ಕದಲ್ಲಿರುವಾಗ ತೀರಿಕೊಂಡರು.

ಹೊರಡುವ ಮುನ್ನ ಕೆಲವು ಮಾತು. ನಿಮ್ಮ ಮನೆಯ ಹಿರಿಯರು ಒಂದೇ ಕಾಯಿಲೆಗೆ ಎರಡನೇ ಸಲ ಆಸ್ಪತ್ರೆ ಸೇರಿದರೆ, ಉಪಶಮನ ತಂಡ ನೋಡಬಹುದೇ ಅಂತ ನೀವೇ ಕೇಳಿ. ಕನ್ನಡ ದುಭಾಷಿ ಬೇಕು ಅನ್ನಿ. ಫೆಡರಲ್ ಹಣ ಪಡೆಯುವ ಆಸ್ಪತ್ರೆಗಳು ಅದನ್ನು ಉಚಿತವಾಗಿ ಒದಗಿಸಬೇಕು. ನಾವು ದುಭಾಷಿಯಾದರೆ ಪ್ರೀತಿಯಿಂದಲೇ ಸುಳ್ಳು ಹೇಳುತ್ತೇವೆ. ತಮ್ಮ ಪರವಾಗಿ ಯಾರು ಮಾತಾಡಬೇಕು ಅಂತ ಹಿರಿಯರಿಂದ ಈಗಲೇ ಬರೆಸಿಡಿ. ಇಲಿನಾಯ್‌ನಲ್ಲಿ ಅದಕ್ಕೆ ‘ಹೆಲ್ತ್ ಕೇರ್ ಪವರ್ ಆಫ್ ಅಟಾರ್ನಿ’ ಎನ್ನುತ್ತಾರೆ. ಮಿಶಿಗನ್‌ನಲ್ಲಿ ಹಾಗೆ ನೇಮಕವಾದವರು ‘ಪೇಷಂಟ್ ಅಡ್ವೊಕೇಟ್’. ಊರಿನಲ್ಲಿರುವ ಅಪ್ಪ-ಅಮ್ಮನ ವಿಷಯದಲ್ಲೂ ಅಷ್ಟೆ. ಬೆಂಗಳೂರಿನ ಕರುಣಾಶ್ರಯ 1999ರಿಂದ, ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ.

ಎಲ್ಲಕ್ಕಿಂತ ಮೊದಲು, ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ "ಊಟ ಆಯ್ತಾ?" ಅಂತ ಕೇಳಿದ ಮೇಲೆ, "ರಾತ್ರಿ ನಿದ್ದೆ ಬಂತಾ?" ಅಂತಲೂ ಕೇಳಿ. ಉತ್ತರ ಬರುವವರೆಗೆ ಕಾಯಿರಿ.