ಕೌದಿಯ ಬೆಲೆ

ನಮ್ಮ ಸಾಲಿಗ್ರಾಮದ ಕಡೆ ಹಳೆಯ ಸೀರೆ ಪಂಚೆಗಳನ್ನು ಪದರಪದರವಾಗಿ ಹಾಸಿ ಹೊಲಿದ ಹೊದಿಕೆಗೆ ಬೊಂತೆ ಎನ್ನುತ್ತಾರೆ. ನನ್ನ ತಾಯಿಯವರು ಬೇಸಗೆಯ ಮಧ್ಯಾಹ್ನಗಳಲ್ಲಿ ಜಗಲಿಯ ಮೇಲೆ ಕುಳಿತು ಹೊಲಿಯುತ್ತಿದ್ದರು. ನೆರೆಯವರಿಗೆ ಹೊಲಿದುಕೊಟ್ಟಾಗ ಒಂದೆರಡು ಸೇರು ರಾಗಿ ಬರುತ್ತಿದ್ದುದುಂಟು. ಅದನ್ನು ಮನೆಯಲ್ಲಿ ಯಾರೂ ಸಂಪಾದನೆಯೆಂದು ಎಣಿಸಲಿಲ್ಲ. ಎಣಿಸದವರಲ್ಲಿ ನಾನೂ ಒಬ್ಬ.

ಈ ಮಾತು ನೆನಪಾದದ್ದು ಉತ್ತರ ಕನ್ನಡದ ಯಲ್ಲಾಪುರದ ಕಡೆ, ಸಿದ್ದಿ ಜನರ ಮನೆಯೊಂದರಲ್ಲಿ. ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದ ಆಫ್ರಿಕದ ಜನರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಸಂತತಿಯವರು ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳಲ್ಲಿದ್ದಾರೆ. ಹಿಂದೂಗಳೂ ಕ್ರೈಸ್ತರೂ ಮುಸಲ್ಮಾನರೂ ಅವರಲ್ಲಿದ್ದಾರೆ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ.

ಅವರ ಹೆಂಗಸರು ಹೊಲಿಯುವ ಕೌದಿಗೆ ‘ಕವಂದ್’ ಎಂದು ಹೆಸರು. ಹಳೆಯ ಸೀರೆಯೊಂದನ್ನು ತಳಕ್ಕೆ ಹಾಸಿ, ಮೂಲೆಯಿಂದ ಆರಂಭಿಸಿ, ಅಂಚಿನ ಸುತ್ತ ತುಂಡುಗಳನ್ನಿಟ್ಟು ಹೊಲಿಯುತ್ತ ಹೊಲಿಯುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೂ ಮಡಿಸಿದ ಬಟ್ಟೆಯ ‘ಫೂಲ’ ಬೇಕೇ ಬೇಕು. ಅದಿಲ್ಲದ ಕೌದಿ ಬೆತ್ತಲೆಯಂತೆ! ಕೌದಿ ನಮ್ಮ ಧಾರವಾಡದ ಸೀಮೆಯಲ್ಲಿಯೂ ಉಂಟು. ಆದರೆ ಕೆಂಪಿನ ಪಕ್ಕಕ್ಕೆ ಹಸಿರನ್ನು ಇಷ್ಟು ಧೈರ್ಯವಾಗಿ ಇಟ್ಟುದನ್ನು ನಾನು ಬೇರೆಡೆ ಕಂಡಿಲ್ಲ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂಯಲ್ ಅವರಿಗೆ ಇದರಲ್ಲಿ ತಮ್ಮ ನಾಡಿನ ಕರಿಯ ಜನರ ಕೌದಿಗಳ ಹೋಲಿಕೆ ಕಂಡಿತು. ಅದು ರಕ್ತದ ನೆನಪೋ, ಕಾಕತಾಳೀಯವೋ, ಪಂಡಿತರು ವಾದಿಸಲಿ. ಅವರ ನೆರವಿನಿಂದ 2004ರಲ್ಲಿ ಈ ಹೆಂಗಸರದೇ ಒಂದು ಸಹಕಾರ ಸಂಘ ಏರ್ಪಟ್ಟಿತು. 2011ರಲ್ಲಿ ಕೌದಿಗಳು ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದ ಗೋಡೆಯನ್ನೇರಿದವು. ಮನೆಯ ಮಕ್ಕಳಿಗೆಂದು ಹೊಲಿಯುತ್ತಿದ್ದುದಕ್ಕೆ ಹೀಗೆ ಬೆಲೆ ಕಟ್ಟುವ ಕಾಲ ಬಂತು.

ನಾನು ಹೋದ ಮನೆಯಲ್ಲಿ ಎರಡು ಕೌದಿಗಳಿದ್ದವು. ಚಿಕ್ಕದು ಮೊಮ್ಮಗುವಿನದು, ಅದನ್ನು ಮಾರುವುದಿಲ್ಲವೆಂದು ಆ ತಾಯಿ ಮೊದಲೇ ತೆಗೆದಿಟ್ಟರು. ದೊಡ್ಡದರ ಬೆಲೆ ಕೇಳಿ, ಸಂತೆಯ ಅಭ್ಯಾಸದಿಂದ, “ಎಲ್ಲಾ ಹಳೆಯ ಬಟ್ಟೆಯಲ್ಲವೇನಮ್ಮ?” ಎಂದುಬಿಟ್ಟೆ.

“ಬಟ್ಟೆಗೆ ನಾ ರೊಕ್ಕ ಕೇಳಿಲ್ರೀ. ಇಪ್ಪತ್ತು ದಿವಸ ಹೊಲದೇನಲ್ರೀ, ಅದಕ್ಕ ಕೇಳೀನಿ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕವಿತ್ತು.

ಕೇಳಿದಷ್ಟನ್ನೂ ಕೊಟ್ಟು ತಂದೆ. ನಮ್ಮ ಮನೆಯಲ್ಲಿ ತಾಯಿಯವರ ಕೈಯ ಬೊಂತೆ ಒಂದೂ ಉಳಿದಿಲ್ಲ. ಕೊನೆಯದನ್ನು ಒಂದು ಮಳೆಗಾಲದಲ್ಲಿ ಎತ್ತಿನ ಮೈಮೇಲೆ ಹೊದಿಸಿದ್ದೆ.