ಮನೆ ಕಾಯುವ ಗಂಟೆ, ಮನೆ ನಡೆಸುವ ಜಾಲ

ರೋಣ ತಾಲ್ಲೂಕಿನ ಬೆಳವಣಕಿಯಂಥ ಊರಿನಲ್ಲಿ ಮನೆಗೆ ಬೀಗ ಹಾಕಿ ನಾಲ್ಕು ದಿನ ಪರಸ್ಥಳಕ್ಕೆ ಹೋಗಬೇಕಾದರೆ ಹಿಂದೆ ಒಂದೇ ಏರ್ಪಾಡು ಸಾಕಾಗುತ್ತಿತ್ತು. "ಯಕ್ಕಾ, ಮನಿ ಕಡೆ ಒಂಚೂರು ಲಕ್ಷ್ಯ ಇರಲಿ" ಎಂದು ನೆರೆಮನೆಯಾಕೆಗೆ ಹೇಳಿ ಬಸ್ಸು ಹತ್ತಿದರೆ ಮುಗಿಯಿತು. ಈಗ ಮಕ್ಕಳು ಬೆಂಗಳೂರಿನಲ್ಲಿ. ಎಷ್ಟೋ ಸಲ ನೆರೆಮನೆಗೂ ಬೀಗ. ಆದ್ದರಿಂದ ಎಚ್ಚರಿಕೆಯ ಗಂಟೆ, ಅಂದರೆ ಅಲಾರಂ, ಹಳ್ಳಿಯ ಮನೆಗೂ ಬರತೊಡಗಿದೆ. ಅದರ ಬೆನ್ನಿಗೆ ದೀಪ, ಫ್ಯಾನು, ನೀರಿನ ಪಂಪುಗಳನ್ನು ಫೋನಿನಿಂದಲೇ ನಡೆಸುವ ಸ್ವಯಂಚಾಲನ ಜಾಲವೂ ಬಂದಿದೆ. ಇವೆರಡನ್ನೂ ಜೋಡಿಸಬಹುದೇ ಎಂಬುದು ಸಹಜವಾದ ಪ್ರಶ್ನೆ. ಜೋಡಿಸಬಹುದು, ಆದರೆ ಯಾರು ಯಾರ ಮಾತು ಕೇಳಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಮೊದಲು ಗಂಟೆಯ ವಿಚಾರ. 1853ರಲ್ಲಿ ಅಮೆರಿಕದ ಅಗಸ್ಟಸ್ ಪೋಪ್ ಎಂಬವರು ವಿದ್ಯುತ್ ಗಂಟೆಗೆ ಪೇಟೆಂಟು ಪಡೆದರು. ಬಾಗಿಲು ತೆರೆದರೆ ವಿದ್ಯುತ್ತು ಹರಿದು ಗಂಟೆ ಬಾರಿಸುವುದು ಅದರ ಕ್ರಮ. ಇಂಥ ಏರ್ಪಾಡಿನಲ್ಲಿ ಒಂದು ಕೊರತೆಯುಂಟು: ಕಳ್ಳನು ತಂತಿ ಕತ್ತರಿಸಿದರೆ ಗಂಟೆ ಮೂಕವಾಗುತ್ತದೆ. ಆದುದರಿಂದ ಇಂದು ಈ ಕ್ರಮವನ್ನು ತಿರುಗುಮುರುಗು ಮಾಡಿದ್ದಾರೆ. ತಲೆಬಾಗಿಲಿನ ಕದಕ್ಕೆ ಒಂದು ಅಯಸ್ಕಾಂತ. ಚೌಕಟ್ಟಿಗೆ ಗಾಜಿನ ಕೊಳವೆಯೊಳಗೆ ಎರಡು ತೆಳುವಾದ ಲೋಹದ ನಾಲಗೆಗಳುಳ್ಳ ರೀಡ್ ಸ್ವಿಚ್ಚು. ಬಾಗಿಲು ಮುಚ್ಚಿರುವವರೆಗೆ ಈ ನಾಲಗೆಗಳು ಕೂಡಿಕೊಂಡಿರುತ್ತವೆ, ವಿದ್ಯುತ್ತು ಸದಾ ಹರಿಯುತ್ತಿರುತ್ತದೆ. ಬಾಗಿಲು ತೆರೆದರೂ ಸರಿ, ತಂತಿ ಕತ್ತರಿಸಿದರೂ ಸರಿ, ಹರಿವು ನಿಂತು ಗಂಟೆ ಕೂಗುತ್ತದೆ. ಈ ಕ್ರಮದಲ್ಲಿ ಮೌನವೇ ಅಪಾಯದ ಸೂಚನೆ.

ಕೋಣೆಯೊಳಗಿನ ಚಲನೆಯನ್ನು ಗುರುತಿಸುವ ಇನ್ನೊಂದು ಸಾಧನವಿದೆ. ಅದು ಮನುಷ್ಯನನ್ನು ಕಾಣುವುದಿಲ್ಲ. ಅವನ ಮೈಯ ಶಾಖ ಅತ್ತಿತ್ತ ಸರಿಯುವುದನ್ನು ಕಾಣುತ್ತದೆ. ಬೆಕ್ಕು ಹಾದುಹೋದರೂ ಅದು ಮೋಸಹೋಗಬಹುದು. ನಮ್ಮ ಬಯಲುಸೀಮೆಯಲ್ಲಿ ಮತ್ತೊಂದು ತೊಡಕಿದೆ. ಮೇ ತಿಂಗಳ ಮಧ್ಯಾಹ್ನ ಕೋಣೆಯ ಗೋಡೆಗಳೇ ಮೈಯಷ್ಟು ಬಿಸಿಯಾದಾಗ ಅದರ ದೃಷ್ಟಿ ಮಂಕಾಗುತ್ತದೆ. ಆದುದರಿಂದ ಅದೊಂದನ್ನೇ ನಂಬದೆ ಬಾಗಿಲಿಗೂ ಸ್ವಿಚ್ಚು ಇರಿಸುವುದು ಜಾಣತನ.

ಇನ್ನು ಜೋಡಣೆ. ಗಂಟೆಯ ಮುಖ್ಯ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ರಿಲೇ ಎಂಬ ಭಾಗವಿರುತ್ತದೆ. ವಿದ್ಯುತ್ಕಾಂತವು ಎಳೆದು ಮುಚ್ಚುವ ಸ್ವಿಚ್ಚು ಅದು. ಗಂಟೆ ಕೂಗಿದೊಡನೆ ಅದು ಮುಚ್ಚಿಕೊಳ್ಳುತ್ತದೆ. ಅದನ್ನು ಜಾಲದ ಸಾಧನವೊಂದು ಗಮನಿಸಿ ಸುದ್ದಿಯನ್ನು ಮುಂದಕ್ಕೆ ಕಳಿಸುತ್ತದೆ. ಪೆಟ್ಟಿಗೆಯ ವಿದ್ಯುತ್ತು ಜಾಲದೊಳಕ್ಕೆ ಹೋಗುವುದಿಲ್ಲ, ಸುದ್ದಿ ಮಾತ್ರ ಹೋಗುತ್ತದೆ. ಆಗ ಪಡಸಾಲೆಯಿಂದ ಹಿತ್ತಲಿನವರೆಗೆ ದೀಪಗಳೆಲ್ಲ ಹೊತ್ತಿಕೊಳ್ಳುವಂತೆ, ಬೆಂಗಳೂರಿನ ಮಗನಿಗೂ ಓಣಿಯ ಇಬ್ಬರಿಗೂ ಸಂದೇಶ ಮುಟ್ಟುವಂತೆ ಏರ್ಪಡಿಸಬಹುದು. ಮನೆಯವರು ಹೊರಡುವಾಗ ಗಂಟೆಯನ್ನು ಕಾವಲಿಗೆ ಹಚ್ಚಿದರೆ ಇಸ್ತ್ರಿಯ ಪ್ಲಗ್ಗು ತಾನಾಗಿ ಆರುವಂತೆಯೂ ಮಾಡಬಹುದು.

ಇಷ್ಟಕ್ಕೆ ನಿಲ್ಲಿಸುವುದೇ ಕ್ಷೇಮ. ಧಾರವಾಡದ ಆಕಾಶವಾಣಿ 1950ರಲ್ಲಿ ಆರಂಭವಾಯಿತು. ನಿಲಯ ಹೇಳುತ್ತದೆ, ಮನೆಯ ರೇಡಿಯೋ ಕೇಳುತ್ತದೆ. ಗುಂಡಿ ತಿರುಗಿಸಿ ನಾವು ಧ್ವನಿ ಇಳಿಸಬಹುದೇ ಹೊರತು ನಿಲಯದವರ ಬಾಯಿ ಮುಚ್ಚಿಸಲಾರೆವು. ಗಂಟೆಗೂ ಜಾಲಕ್ಕೂ ಇದೇ ಸಂಬಂಧವಿರಲಿ. ಗಂಟೆ ಹೇಳಲಿ, ಜಾಲ ಕೇಳಲಿ. ಗಂಟೆಯನ್ನು ನಿಲ್ಲಿಸುವ ಅಧಿಕಾರವನ್ನು ಜಾಲಕ್ಕೆ ಕೊಟ್ಟರೆ, ಫೋನು ಕದ್ದವನಿಗೆ ಮನೆಯ ಬೀಗದ ಕೈಯನ್ನೂ ಕೊಟ್ಟಂತೆ. ಮಾತು ಕೇಳಿ ಕೆಲಸ ಮಾಡುವ ಯಂತ್ರವಿದ್ದರಂತೂ, ಕಿಟಕಿಯಾಚೆ ನಿಂತವನು ಕೂಗಿ ಹೇಳಿದರೂ ಅದು "ಅಪ್ಪಣೆ" ಎಂದುಬಿಡಬಹುದು. 2016ರಲ್ಲಿ ಮಿರಾಯ್ ಎಂಬ ದುಷ್ಟ ಕ್ರಮವಿಧಿಯು ಲಕ್ಷಗಟ್ಟಲೆ ಕ್ಯಾಮೆರಾ ಮೊದಲಾದ ಸಾಧನಗಳನ್ನು ವಶಪಡಿಸಿಕೊಂಡಿತು. ಕಾರ್ಖಾನೆಯವರು ಇಟ್ಟ ಗುಪ್ತಪದವನ್ನು ಮಾಲಿಕರು ಬದಲಿಸದೆ ಬಿಟ್ಟಿದ್ದೇ ಅದಕ್ಕೆ ದಾರಿಯಾಯಿತು. ಮನೆಗೆ ತಂದ ದಿನವೇ ಗುಪ್ತಪದವನ್ನು ಬದಲಿಸಬೇಕು.

ವಿದ್ಯುತ್ತು ಹೋದರೆ ಏನು ಗತಿ? ಗಂಟೆಯ ಪೆಟ್ಟಿಗೆಗೆ ಅದರದೇ 12 ವೋಲ್ಟಿನ ಬ್ಯಾಟರಿ ಇರಬೇಕು. 7 ಆಂಪಿಯರ್-ಗಂಟೆಯ ಬ್ಯಾಟರಿಯಿಂದ 200 ಮಿಲಿ ಆಂಪಿಯರ್ ಎಳೆದರೆ ಲೆಕ್ಕಕ್ಕೆ 35 ಗಂಟೆ ಬರುತ್ತದೆ. ಬ್ಯಾಟರಿ ಹಳೆಯದಾದಂತೆ ಅದು ಇಳಿಯುತ್ತದೆ. ಜಾಲಕ್ಕೂ ಅಂತರಜಾಲದ ರೌಟರಿಗೂ ಪ್ರತ್ಯೇಕ ಬ್ಯಾಟರಿ ಇಲ್ಲದಿದ್ದರೆ ಮಗನಿಗೆ ಸಂದೇಶ ಹೋಗದು. ಆಗಲೂ ಗಂಟೆ ಮಾತ್ರ ಕೂಗಲೇಬೇಕು. ಜಾಲ ಸತ್ತರೂ ಗಂಟೆ ಬದುಕಿರಬೇಕೆಂಬುದೇ ಈ ಜೋಡಣೆಯ ಮೊದಲ ನಿಯಮ.

ಪರೀಕ್ಷಿಸುವುದೂ ಸುಲಭ. ತಿಂಗಳಿಗೊಮ್ಮೆ, ಓಣಿಯವರಿಗೆ ಮೊದಲೇ ತಿಳಿಸಿ, ಮನೆಯ ಮುಖ್ಯ ಸ್ವಿಚ್ಚು ಆರಿಸಿ, ಗಂಟೆಯನ್ನು ಕಾವಲಿಗೆ ಹಚ್ಚಿ ಬಾಗಿಲು ತೆರೆಯಿರಿ. ಕೂಗಿದರೆ ಸರಿ, ಕೂಗದಿದ್ದರೆ ಅದು ಬರಿಯ ಅಲಂಕಾರ. ಸುಳ್ಳು ಕೂಗು ಪದೇಪದೇ ಬರುತ್ತಿದ್ದರೆ ಅದನ್ನೂ ಕೂಡಲೆ ಸರಿಪಡಿಸಬೇಕು. ಹತ್ತು ಸಲ ಬೆಕ್ಕಿಗಾಗಿ ಎದ್ದು ಬಂದ ನೆರೆಯವರು ಹನ್ನೊಂದನೆಯ ಸಲ ಕಳ್ಳನಿಗಾಗಿ ಏಳಲಾರರು. ಗಂಟೆ ಕರೆಯಬಲ್ಲದು, ಅಷ್ಟೆ. ಓಡಿ ಬರುವವರು, 112ಕ್ಕೆ ಫೋನು ಮಾಡುವವರು, ಇಂದಿಗೂ ಆ ನೆರೆಮನೆಯ ಅಕ್ಕನೇ. ಬಸ್ಸು ಹತ್ತುವ ಮುನ್ನ ಆಕೆಗೆ ಒಂದು ಮಾತು ಹೇಳಿ ಹೋಗುವುದನ್ನು ಮರೆಯಬಾರದು.